ಜೋಡಿ ಗೆರೆ

ಹುಣಸೂರು, ಬಾಲಕಿಯರ ಹಾಸ್ಟೆಲ್
ನವೆಂಬರ್ 18

ಸುಗುಣತ್ತೆಯವರಿಗೆ ರಮ್ಯಶ್ರೀ ಮಾಡುವ ನಮಸ್ಕಾರಗಳು.

ದೀಪಾವಳಿಗೆ ಗುರುಪುರದ ಮನೆಗೆ ಹೋಗಿದ್ದಾಗ ನೀವು ಕಳಿಸಿದ ಪಾರ್ಸೆಲ್ ಬಂದಿತ್ತು. ಬಯಾಲಜಿ ಗೈಡ್, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಜೊತೆಗೆ ಆ ಹಸಿರು ರೇಷ್ಮೆ ಸೀರೆ, ಎಲ್ಲವೂ ಸೇರಿದವು. ಪುಸ್ತಕಗಳು ನನ್ನ ಬಳಿ ಇವೆ. ಸೀರೆಯನ್ನು ಅಜ್ಜಿ ದೇವರ ಮುಂದೆ ಇಟ್ಟು ಅರಿಶಿನ ಕುಂಕುಮ ಹಚ್ಚಿ ತಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ.

ಇಲ್ಲಿ ಫೋನ್ ಇಟ್ಟುಕೊಳ್ಳುವಂತಿಲ್ಲ. ಭಾನುವಾರ ವಾರ್ಡನ್ ಎದುರು ನಿಂತು ಮನೆಗೆ ಮಾತ್ರ ಮಾತಾಡಬಹುದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಮ್ಮ ರೂಮಿನ ಸಂಘಮಿತ್ರ, ಎಚ್.ಡಿ. ಕೋಟೆಯವಳು, ನಗುತ್ತಾಳೆ. "ಏನ್ಲೇ, ಸ್ವಾತಂತ್ರ್ಯ ಹೋರಾಟಕ್ಕೆ ಹೊಂಟಿದ್ದೀಯಾ, ಅಂಚೆ ಡಬ್ಬಿ ಹುಡುಕ್ತೀಯಲ್ಲ" ಅನ್ನುತ್ತಾಳೆ.

ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದ್ದರಿಂದ ನನಗೆ ಇಂಗ್ಲಿಷ್ ಉತ್ತರಗಳು ಬಾಯಿಗೆ ಬರುತ್ತವೆ, ತಲೆಗೆ ಹೋಗುವುದಿಲ್ಲ. ಸಸ್ಯಗಳ ಭಾಗ ಪರವಾಗಿಲ್ಲ. ಅನುವಂಶೀಯತೆಯ ಪಾಠವೇ ಕಷ್ಟ. ಬಿಎಸ್ಸಿ ಅಗ್ರಿ ಸೀಟು ಸಿಗಬೇಕಾದರೆ ಬಯಾಲಜಿಯಲ್ಲಿ ಅಂಕ ಕಳೆದುಕೊಳ್ಳುವ ಹಾಗಿಲ್ಲ. ಅಪ್ಪ ಒಪ್ಪಿದ್ದಾರೆ. "ಓದ್ಲಿ ಬುಡು, ಈಗೇನ್ ಅವಸರ" ಅಂತ ಅಜ್ಜಿಗೆ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ನೀವು ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುವವರು. ಹೇಗೆ ಓದಬೇಕೆಂದು ಬರೆದು ತಿಳಿಸಿ.

ನಿಮ್ಮ,
ರಮ್ಯಶ್ರೀ


ಬೆಳಗಾವಿ
ಡಿಸೆಂಬರ್ 2

ಪ್ರಿಯ ರಮ್ಯ,

ನಿನ್ನ ಕಾಗದ ಓದಿ ಸಂತೋಷವಾಯಿತು. ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ತಮಗೆ ಏನು ಅರ್ಥವಾಗಿಲ್ಲ ಎಂಬುದನ್ನು ಇಷ್ಟು ಸರಿಯಾಗಿ ಹೇಳುವುದಿಲ್ಲ. ನಾನು ಹತ್ತು ವರ್ಷದವಳಿದ್ದಾಗಲೇ ಮೈಸೂರಿನ ಕಾನ್ವೆಂಟ್ ಹಾಸ್ಟೆಲ್ ಸೇರಿದವಳು. ನಿನ್ನ ಕಷ್ಟ ನನಗೆ ತಿರುಗುಮುರುಗಾಗಿ ಬಂದಿದೆ. ಕನ್ನಡದಲ್ಲಿ ಕಾಗದ ಬರೆಯುವಾಗ ಒಂದೊಂದು ಪದಕ್ಕೂ ನಿಂತು ಯೋಚಿಸುತ್ತೇನೆ.

ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೋ, ಆಮೇಲೆ ಪುಸ್ತಕ ಮುಚ್ಚಿ ಇಂಗ್ಲಿಷಿನಲ್ಲಿ ಬರೆ, ಆಮೇಲೆ ತೆರೆದು ನೋಡು. ಓದಿದ್ದನ್ನೇ ಮತ್ತೆ ಮತ್ತೆ ಓದುವುದು ಓದಲ್ಲ, ಸಮಾಧಾನ ಅಷ್ಟೇ. ಚಿತ್ರಗಳನ್ನು ಪೆನ್ಸಿಲ್‌ನಲ್ಲೇ ಬರೆಯಬೇಕು, ಪರೀಕ್ಷೆಯಲ್ಲಿ ಅದು ನಿಯಮ.

ಅನುವಂಶೀಯತೆಗೆ ಒಂದು ಅಭ್ಯಾಸ ಕೊಡುತ್ತೇನೆ. ನಮ್ಮ ಮನೆಯದೇ ವಂಶಾವಳಿ ನಕ್ಷೆ ಬರೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಮದುವೆಗೆ ಅಡ್ಡ ಗೆರೆ. ಸಂಬಂಧದೊಳಗಿನ ಮದುವೆಯಾದರೆ ಜೋಡಿ ಗೆರೆ. ನಾವು ಪತ್ತೆಹಚ್ಚುವ ಲಕ್ಷಣ ಯಾರಲ್ಲಿದೆಯೋ ಅವರ ಆಕಾರವನ್ನು ಕಪ್ಪಾಗಿ ತುಂಬಬೇಕು. ನಿನ್ನ ಸಣ್ಣತ್ತೆ ರೂಪಶ್ರೀಯ ಕಿವುಡನ್ನು ಲಕ್ಷಣವಾಗಿ ತೆಗೆದುಕೋ. ಪುಸ್ತಕದ ಲೆಕ್ಕ ಮರೆತುಹೋಗುತ್ತದೆ, ಮನೆಯವರ ಮುಖ ಮರೆಯುವುದಿಲ್ಲ.

ಸೀರೆಯನ್ನು ದೇವರ ಮುಂದೆ ಇಡುವಂಥದ್ದೇನಿಲ್ಲ ಕಣೆ. ಯಾರೋ ಉಡುಗೊರೆ ಕೊಟ್ಟದ್ದು, ಆ ಬಣ್ಣ ನನಗೆ ಒಪ್ಪುವುದಿಲ್ಲ. ನಿಮ್ಮ ಕಾಲೇಜಿನ ಎಥ್ನಿಕ್ ಡೇಗೆ ಆಗುತ್ತದೆಂದು ಕಳಿಸಿದೆ. ಅಜ್ಜಿಯಿಂದ ಇಸಿದುಕೊಂಡು ಉಡು.

ಪ್ರೀತಿಯಿಂದ,
ಅತ್ತೆ


ಹುಣಸೂರು
ಡಿಸೆಂಬರ್ 20

ಸುಗುಣತ್ತೆಯವರಿಗೆ ನಮಸ್ಕಾರಗಳು.

ನಕ್ಷೆ ಇದರ ಜೊತೆ ಇದೆ. ಎರಡು ಭಾನುವಾರ ಅಜ್ಜಿಯನ್ನು ಫೋನಿನಲ್ಲಿ ಕಾಡಿಸಿ ಬರೆದದ್ದು. ವಾರ್ಡನ್ ಮೇಡಂ ಕೂಡ ಪಕ್ಕದಲ್ಲಿ ನಿಂತು ಕೇಳಿ, ತಮ್ಮ ಮನೆಯದನ್ನೂ ಬರೆದುಕೊಡು ಅಂದರು.

ಎಷ್ಟೊಂದು ಜೋಡಿ ಗೆರೆ ಅತ್ತೆ! ಅಜ್ಜಿ ಮದುವೆಯಾದದ್ದು ತಮ್ಮ ತಾಯಿಯ ತಮ್ಮನನ್ನೇ. ಅಲ್ಲಿ ಜೋಡಿ ಗೆರೆ. ಅಪ್ಪ ಮದುವೆಯಾದದ್ದು ಮಿರ್ಲೆಯ ಸೋದರತ್ತೆಯ ಮಗಳನ್ನು, ಅಂದರೆ ಅವ್ವನನ್ನು. ಅಲ್ಲೂ ಜೋಡಿ ಗೆರೆ. ನಿಮ್ಮ ಮದುವೆಗೆ ಮಾತ್ರ ಒಂದೇ ಗೆರೆ. ಸಂಘಮಿತ್ರ ನೋಡಿ, "ನಿಮ್ ವಂಶ ರೈಲು ಹಳಿ ಕಣೆ, ಎಲ್ಲಿ ನೋಡಿದ್ರೂ ಎರ್ಡೆರ್ಡು ಗೆರೆ" ಅಂದಳು.

ಸಣ್ಣತ್ತೆಯ ವೃತ್ತವನ್ನು ಕಪ್ಪು ಮಾಡುವಾಗ ಕೈ ನಿಂತಿತು. ಅವರ ಹೆಸರು ಕೇಳಿದ್ದಕ್ಕೆ ಅಜ್ಜಿ ನೆನಪು ಮಾಡಿಕೊಂಡು "ರೂಪಶ್ರೀ" ಅಂದರು. ಊರಿನಲ್ಲಿ ಎಲ್ಲರೂ ಮೂಗಿ ಅಂತಲೇ ಕರೆಯುವುದು. ಅವರಿಗೆ ಕೇಳುವುದಿಲ್ಲವಲ್ಲ, ಕರೆಯುವವರಿಗೆ ಅದೇ ಧೈರ್ಯ. ಈಗ ತಂಬಾಕು ಎಲೆ ವಿಂಗಡಿಸಿ ಗ್ರೇಡ್ ಮಾಡುವ ಕೆಲಸ ಮನೆಯಲ್ಲಿ ಜೋರಾಗಿದೆ, ಬೆಳಗಿನಿಂದ ಎಲೆ ರಾಶಿಯ ಮುಂದೆಯೇ ಕೂತಿರುತ್ತಾರಂತೆ.

ಒಂದು ವಿಷಯ ಇದೆ. ಕೊನೆಯ ತಲೆಮಾರಿನಲ್ಲಿ ನಿಮ್ಮ ಮಗ ಪ್ರಣವ್ ಬಾವನ ಚೌಕ, ನನ್ನ ವೃತ್ತ ಅಕ್ಕಪಕ್ಕ ಬಂದಿವೆ. ಅವೆರಡರ ನಡುವೆಯೂ ಗೆರೆ ಎಳಿ ಅಂತ ಅಜ್ಜಿ ಹೇಳಿದರು. ನಾನು ಪೆನ್ಸಿಲ್‌ನಲ್ಲಿ ತೆಳುವಾಗಿ ಎಳೆದಿದ್ದೇನೆ. ನೀವು ಅದನ್ನು ಇಂಕಿನಲ್ಲಿ ತೀಡಬೇಕಾಗಿಲ್ಲ, ಅಳಿಸಬೇಕಾಗಿಯೂ ಇಲ್ಲ. ಬಾವನ ಓದು ಮುಗಿಯಲು ಇನ್ನೂ ವರ್ಷಗಳಿವೆ, ನನ್ನದೂ ಹಾಗೇ. ಆ ಗೆರೆಯ ಬಗ್ಗೆ ಈಗ ಏನೂ ಹೇಳದಿದ್ದರೂ ಪರವಾಗಿಲ್ಲ. ಮಿಕ್ಕದ್ದು ತಿದ್ದಿ ಕಳಿಸಿ.

ನಿಮ್ಮ,
ರಮ್ಯಶ್ರೀ


ಬೆಳಗಾವಿ
ಜನವರಿ 4

ಪ್ರಿಯ ರಮ್ಯ,

ನಕ್ಷೆ ಅಚ್ಚುಕಟ್ಟಾಗಿದೆ. ತಲೆಮಾರುಗಳಿಗೆ ರೋಮನ್ ಅಂಕಿ ಹಾಕಲು ಮರೆತಿದ್ದೀಯ, ಅದೊಂದೇ ತಪ್ಪು.

ನಿನ್ನ ಪೆನ್ಸಿಲ್ ಗೆರೆಯನ್ನು ಎರಡು ದಿನ ನೋಡಿದೆ. ಏನೂ ಹೇಳದಿದ್ದರೂ ಪರವಾಗಿಲ್ಲ ಎಂದು ನೀನು ಬರೆದದ್ದು ಸಂಕೋಚದಿಂದ, ಭಯದಿಂದ ಎಂದು ನನಗೆ ಅನ್ನಿಸಿತು. ಅಜ್ಜಿ ಹೀಗೆಲ್ಲ ಮಾತಾಡಿ ನಿನ್ನ ತಲೆ ಕೆಡಿಸುತ್ತಿದ್ದರೆ, ಪರೀಕ್ಷೆಯ ಹೊತ್ತಿನಲ್ಲಿ ನಿನಗೆ ಆ ಭಾರ ಬೇಡ. ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ. ಆ ಗೆರೆಯನ್ನು ಅಳಿಸಿಬಿಡು.

ಕಾರಣ ನೀನು ಓದುತ್ತಿರುವ ಪಾಠದಲ್ಲೇ ಇದೆ. ಕಿವುಡಿನಂಥ ಎಷ್ಟೋ ಲಕ್ಷಣಗಳು ರಿಸೆಸಿವ್, ಅಂದರೆ ಜೀನಿನ ಒಂದೇ ಪ್ರತಿ ಇದ್ದಾಗ ಅಡಗಿ ಕೂರುವಂಥವು. ನನ್ನಲ್ಲೂ ನಿನ್ನ ಅಪ್ಪನಲ್ಲೂ ಅದು ಅಡಗಿರಬಹುದು, ಪ್ರಣವ್‌ಗೂ ನಿನಗೂ ಬಂದಿರಬಹುದು. ಎರಡು ಪ್ರತಿ ಒಂದು ಮಗುವಿನಲ್ಲಿ ಸೇರಿದರೆ ಇನ್ನೊಬ್ಬ ರೂಪಶ್ರೀ. ನಮ್ಮ ಕುಟುಂಬದ ರಕ್ತದಲ್ಲಿ ಈಗಾಗಲೇ ಸಾಕಷ್ಟು ಜೋಡಿ ಗೆರೆಗಳಿವೆ. ನನ್ನ ಮನೆಯಲ್ಲಿ ಅಂಥ ಮದುವೆ ನಡೆಯುವುದಿಲ್ಲ. ಇದನ್ನು ಅಜ್ಜಿಗೂ ಅಣ್ಣನಿಗೂ ಹೇಳಬೇಕಾಗಿ ಬಂದರೆ ನಾನೇ ಹೇಳುತ್ತೇನೆ.

ಈಗ ನಿಶ್ಚಿಂತೆಯಿಂದ ಓದು. ಸಂಕ್ರಾಂತಿಗೆ ಊರಿಗೆ ಹೋದರೂ ದಿನಕ್ಕೊಂದು ಪ್ರಶ್ನೆಪತ್ರಿಕೆ ಬಿಡಿಸು.

ಪ್ರೀತಿಯಿಂದ,
ಅತ್ತೆ


ಹುಣಸೂರು
ಜನವರಿ 19

ಅತ್ತೆಯವರಿಗೆ,

ನಿಮ್ಮ ಕಾಗದವನ್ನು ನನಗಿಂತ ಮೊದಲು ಅಪ್ಪ ಓದಿದರು. ಸಂಕ್ರಾಂತಿಗೆ ಕರೆದುಕೊಂಡು ಹೋಗಲು ಬಂದಿದ್ದಾಗ ಗೇಟಿನಲ್ಲೇ ವಾಚ್‌ಮನ್ ಅವರ ಕೈಗೆ ಕೊಟ್ಟನಂತೆ. ತಂಗಿಯ ಅಕ್ಷರ ಎಂದು ಅಲ್ಲೇ ಒಡೆದಿದ್ದಾರೆ. ಅದು ನನಗೆ ಗೊತ್ತಾದದ್ದು ಗುರುಪುರ ಮುಟ್ಟಿದ ಮೇಲೆಯೇ.

ಮನೆಯಲ್ಲಿ ಅಜ್ಜಿ, ಅವ್ವ ಇಬ್ಬರನ್ನೂ ಕೂರಿಸಿ ಗಟ್ಟಿಯಾಗಿ ಓದಿದರು. ಓದಿ, "ನಮ್ ರಕ್ತ ಕೆಟ್ಟೋಗದೆ ಅಂತ ಬರ್ದವ್ಳೆ ನನ್ ತಂಗಿ. ಓದ್ದೋಳಲ್ವಾ" ಅಂದರು. ಅಜ್ಜಿ ಒಂದೇ ಮಾತು ಕೇಳಿದರು. "ಸೀರೆ ಕಳ್ಸುವಾಗ ರಕ್ತ ಚೆನ್ನಾಗಿತ್ತಾ?"

ನಿಮಗೆ ಗೊತ್ತಿಲ್ಲ, ಅದಕ್ಕೆ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಗಂಡುಮಗನಿರುವ ಸೋದರತ್ತೆ, ಅಣ್ಣನ ಮದುವೆಯಾಗದ ಮಗಳಿಗೆ ರೇಷ್ಮೆ ಸೀರೆ ಕಳಿಸಿದರೆ ಹೆಣ್ಣು ಕೇಳಿದ ಹಾಗೆ. ಬೇರೆ ಮಾತು ಬೇಕಾಗಿಲ್ಲ. ಅಜ್ಜಿಗೂ ಗಂಡಿನ ಮನೆಯಿಂದ ಸೀರೆ ಹಾಗೇ ಬಂದದ್ದು, ಅವ್ವನಿಗೆ ಅಜ್ಜಿ ಕಳಿಸಿದ್ದೂ ಹಾಗೇ. ನೀವು ಕಳಿಸಿದ ವಾರವೇ ಮಿರ್ಲೆಯಿಂದ ರಘುಮಾವನಿಗೆ ನನ್ನನ್ನು ಕೇಳಿಕೊಂಡು ಬಂದಿದ್ದರು. ರಘುಮಾವ ಅಂದರೆ ಅವ್ವನ ಕಡೇ ತಮ್ಮ. ಅಪ್ಪ ಅವರಿಗೆ, "ನಮ್ ಸುಗುಣ ಸೀರೆ ಕಳ್ಸವ್ಳೆ, ಇನ್ ಆಡೋಂಗಿಲ್ಲ" ಅಂತ ಹೇಳಿ ಕಳಿಸಿಬಿಟ್ಟರು. ಹೆಮ್ಮೆಯಿಂದ ಹೇಳಿದರು ಅತ್ತೆ.

ಈಗ ಆ ಮಾತು ಎಲ್ಲಿ ಹೋಯಿತು ಅಂತ ಮಿರ್ಲೆಯವರು ಕೇಳುವ ಮೊದಲೇ ಅಪ್ಪ ತಾವೇ ಹೋಗಿ, ಹುಡುಗಿ ನಿಮ್ಮದೇ ಅಂದು ಬಂದಿದ್ದಾರೆ. ನನಗೆ ಈ ತಿಂಗಳು ಹದಿನೆಂಟು ತುಂಬಿತು. ಫೆಬ್ರವರಿಯಲ್ಲಿ ಒಪ್ಪಂದದ ಶಾಸ್ತ್ರ, ಯುಗಾದಿ ಕಳೆದ ಮೇಲೆ ಮದುವೆ. ಪರೀಕ್ಷೆ ಬರೆಯಬಹುದಂತೆ. ಅಗ್ರಿ ಸೀಟಿನ ಮಾತೆತ್ತಿದರೆ, "ಮಿರ್ಲೆಲಿ ಜಮೀನಿಲ್ವಾ, ಅಲ್ಲೇ ಅಗ್ರಿ ಮಾಡು" ಅನ್ನುತ್ತಾರೆ.

ಇನ್ನೊಂದು ವಿಷಯ. ನಾನು ಹೆದರಿರಲಿಲ್ಲ. ಸೀರೆಯನ್ನು ನೀವು ಯೋಚಿಸದೆ ಕಳಿಸಿದ್ದೀರಿ ಅಂತ ನನಗೆ ಗೊತ್ತಿತ್ತು. ಡಿಸೆಂಬರಿನ ನಿಮ್ಮ ಕಾಗದದಲ್ಲಿ ನೀವೇ ಬರೆದಿರಿ, ಅದನ್ನು ನಾನು ಮನೆಗೆ ತೋರಿಸಲಿಲ್ಲ. ಪ್ರಣವ್ ಬಾವನನ್ನು ಮದುವೆಯಾಗುವ ಆಸೆ ನನಗಿಲ್ಲ. ಅವರ ಮುಖವೂ ಸರಿಯಾಗಿ ನೆನಪಿಲ್ಲ. ಆದರೆ ಆ ಸೀರೆ ಅಜ್ಜಿಯ ಪೆಟ್ಟಿಗೆಯಲ್ಲಿ ಇರುವವರೆಗೆ ನನ್ನನ್ನು ಯಾರೂ ಕೇಳುವ ಹಾಗಿರಲಿಲ್ಲ. ಬಾವನ ಓದು ಮುಗಿಯುವಷ್ಟರಲ್ಲಿ ನನ್ನ ಡಿಗ್ರಿಯೂ ಮುಗಿಯುತ್ತಿತ್ತು. ಆಮೇಲೆ ನೀವು ಬೇಡ ಅಂದಿದ್ದರೆ ನಾನು ಕುಣಿದಾಡುತ್ತಿದ್ದೆ. ಅದಕ್ಕೇ ಪೆನ್ಸಿಲ್‌ನಲ್ಲಿ ಎಳೆದೆ. ಅದಕ್ಕೇ ಏನೂ ಹೇಳಬೇಡಿ ಅಂತ ಬರೆದೆ.

ಈಗಲೂ ಒಂದು ದಾರಿ ಇದೆ. ಕಾಗದದಲ್ಲಿ ಬರೆದದ್ದು ಕೋಪದಲ್ಲಿ ಬರೆದದ್ದು, ಹುಡುಗಿ ನಮ್ಮದೇ, ಓದು ಮುಗಿಯಲಿ ಅಂತ ಅಪ್ಪನಿಗೆ ಒಂದು ಫೋನ್ ಮಾಡಿ. ಸುಳ್ಳೇ ಇರಲಿ. ನಿಮ್ಮ ಮಾತನ್ನು ಅಪ್ಪ ಈಗಲೂ ತೆಗೆದುಹಾಕುವುದಿಲ್ಲ. ಶಾಸ್ತ್ರಕ್ಕೆ ಮೊದಲು ಮಾಡಿ. ಉತ್ತರವನ್ನು ಸಂಘಮಿತ್ರಳ ಹೆಸರಿಗೆ ಬರೆಯಿರಿ.

ರಮ್ಯ


ಬೆಳಗಾವಿ
ಫೆಬ್ರವರಿ 16

ಪ್ರಿಯ ರಮ್ಯ,

ತಡವಾಯಿತು. ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆಗಳಿದ್ದವು ಎಂದು ಬರೆಯಲು ಹೊರಟಿದ್ದೆ. ಅದು ನಿಜ, ಆದರೆ ಕಾರಣ ಅದಲ್ಲ. ನಿನ್ನ ಕಾಗದಕ್ಕೆ ಉತ್ತರ ಬರೆದು ಹರಿದು ಹಾಕುತ್ತಿದ್ದೆ.

ಅಣ್ಣನಿಗೆ ಫೋನ್ ಮಾಡಿದೆ. ನೀನು ಹೇಳಿದ ಸುಳ್ಳನ್ನು ಹೇಳಲೆಂದೇ ಮಾಡಿದೆ. ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಅದರ ಬದಲು ರಘುವಿನೊಂದಿಗಿನ ಸಂಬಂಧ ಇನ್ನೂ ಹತ್ತಿರದ್ದು, ಅಪಾಯ ಇನ್ನೂ ಹೆಚ್ಚು ಎಂದು ವಿವರಿಸಲು ಶುರುಮಾಡಿದೆ. ತರಗತಿಯಲ್ಲಿ ನಿಂತ ಹಾಗೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೇಳಿದ, "ನೀ ಓದ್ದೋಳು ಕಣವ್ವ. ನಿನ್ ಲೆಕ್ಕ ನಿಂಗೆ ಸರಿ. ನಿನ್ ಮನೆಗೆ ಬ್ಯಾಡ ಅಂದ್ಮೇಲೆ ಇನ್ನೊಬ್ರ ಮನೆಗೂ ಬ್ಯಾಡ ಅನ್ಬೇಡ, ಬುಡು." ನಾನು ಫೋನ್ ಇಟ್ಟೆ.

ಸುಳ್ಳು ಏಕೆ ಹೇಳಲಾಗಲಿಲ್ಲ ಎಂದು ಕೇಳಿಕೊಂಡೆ. ಪ್ರಣವ್‌ಗೆ ಗೊತ್ತಾದರೆ ಏನೆಂದುಕೊಳ್ಳುತ್ತಾನೆ, ನನ್ನ ಮನೆಯವರು ಏನೆನ್ನುತ್ತಾರೆ, ನಾಲ್ಕು ವರ್ಷದ ನಂತರ ಅಣ್ಣನ ಮುಖ ಹೇಗೆ ನೋಡುವುದು. ಇವೆಲ್ಲ ಸಣ್ಣ ಕಾರಣಗಳು. ಅವೇ ಸಾಕಾದವು.

ನಿನಗೆ ಹದಿನೆಂಟು ತುಂಬಿದೆ. ನಿನಗೆ ಒಪ್ಪಿಗೆಯಿಲ್ಲದ ಮದುವೆ ಮಾಡುವ ಹಕ್ಕು ಯಾರಿಗೂ ಇಲ್ಲ. ಪರೀಕ್ಷೆ ಮುಗಿದ ದಿನವೇ ಬೆಳಗಾವಿಗೆ ಬಂದುಬಿಡು. ಇಲ್ಲೇ ಇದ್ದು ಸಿಇಟಿ ಬರೆ. ಬಸ್ಸಿನ ವಿವರ ಬರೆದು ಕಳಿಸುತ್ತೇನೆ. ಒಂದು ವೇಳೆ ಈಗ ಮನಸ್ಸು ಕೆಟ್ಟು ಓದಲಾಗದಿದ್ದರೆ ಎರಡನೇ ಪರೀಕ್ಷೆಗೂ ಅವಕಾಶವಿದೆ.

ನಿನ್ನ
ಅತ್ತೆ


ಹುಣಸೂರು
ಫೆಬ್ರವರಿ 24

ಅತ್ತೆಯವರಿಗೆ,

ನಿಮ್ಮ ಕಾಗದ ಬರುವಷ್ಟರಲ್ಲಿ ಶಾಸ್ತ್ರ ಮುಗಿದಿತ್ತು. ಗುರುಪುರದ ಮನೆಯಲ್ಲೇ ಆಯಿತು. ಗ್ರೇಡ್ ಮಾಡಿದ ತಂಬಾಕಿನ ಬೇಲ್ ಕಟ್ಟುಗಳನ್ನು ನಡುಮನೆಯಿಂದ ಹೊರಗೆ ಹಾಕಿ ಜಮಖಾನೆ ಹಾಸಿದ್ದರು. ಬಂದವರೆಲ್ಲ ಸೀನುತ್ತಲೇ ತಾಂಬೂಲ ಬದಲಾಯಿಸಿದರು.

ರಘುಮಾವ ಕೆಟ್ಟವನಲ್ಲ. ನಾನು ಚಿಕ್ಕವಳಿದ್ದಾಗ ಸೈಕಲ್ ಮೇಲೆ ಕೂರಿಸಿಕೊಂಡು ಕೆ.ಆರ್. ನಗರದ ಸಂತೆಗೆ ಕರೆದೊಯ್ದು ಕಡ್ಲೆಪುರಿ ಕೊಡಿಸುತ್ತಿದ್ದ. ಆ ದಿನ ಅವನೂ ನನ್ನ ಮುಖ ನೋಡಲಿಲ್ಲ. ಹೊರಡುವಾಗ ಬಾಗಿಲ ಹತ್ತಿರ, "ಬಯಾಲಜಿ ಪರೀಕ್ಷೆ ಯಾವತ್ತವ್ವ?" ಅಂತ ಕೇಳಿದ. ಮಗುವನ್ನು ಕೇಳಿದ ಹಾಗೆ. ಅವನನ್ನು ಬೈಯಲೂ ನನಗೆ ಆಗಲಿಲ್ಲ.

ನಿಮ್ಮ ಸೀರೆಯನ್ನು ಸಣ್ಣತ್ತೆ ಉಟ್ಟಿದ್ದರು. ಇನ್ನು ಇದು ಯಾರಿಗೆ ಬೇಕು ಅಂತ ಅಜ್ಜಿಯೇ ಉಡಿಸಿದರು. ಯಾಕೆ ಏನು ಅಂತ ಅವರಿಗೆ ಯಾರೂ ತಿಳಿಸಲಿಲ್ಲ. ಅವರ ಪಾಡಿಗೆ ಸೆರಗು ಸವರಿಕೊಂಡು ಎಲ್ಲರನ್ನೂ ನೋಡಿ ನಗುತ್ತಿದ್ದರು. ಆ ಬಣ್ಣ ಅವರಿಗೆ ಚೆನ್ನಾಗಿ ಒಪ್ಪುತ್ತದೆ ಅತ್ತೆ.

ನೀವು ಕಳಿಸಿದ ಗೈಡಿನ ಲೆಕ್ಕವನ್ನು ಮಾಡಿ ನೋಡಿದೆ. ಅತ್ತೆಯ ಮಗ ಮತ್ತು ನನ್ನ ನಡುವೆ ಸಮಾನವಾಗಿರುವ ಜೀನ್ ಎಂಟರಲ್ಲಿ ಒಂದು ಪಾಲು. ತಾಯಿಯ ತಮ್ಮ ಮತ್ತು ನನ್ನ ನಡುವೆ ನಾಲ್ಕರಲ್ಲಿ ಒಂದು ಪಾಲು. ಹಳೆಯ ಜೋಡಿ ಗೆರೆಗಳನ್ನು ಸೇರಿಸಿದರೆ ಎರಡೂ ಇನ್ನೂ ಹೆಚ್ಚು. ಎಂಟನೇ ಒಂದು ಪಾಲಿಗೇ ಅಪಾಯ ಅಂತ ನೀವು ಬರೆದಿರಿ, ನಾನು ನಾಲ್ಕನೇ ಒಂದಕ್ಕೆ ಬಂದು ನಿಂತೆ. ಲೆಕ್ಕ ತಪ್ಪಿದ್ದರೆ ತಿದ್ದಿ.

ಒಂದೇ ಸಾಲು ಬರೆದಿದ್ದರೆ ಸಾಕಾಗಿತ್ತು. ನನ್ನ ಮಗನಿಗೆ ಹಳ್ಳಿ ಹುಡುಗಿ ಬೇಡ, ಅಂತ. ಅಪ್ಪನಿಗೆ ಕೋಪ ಬರುತ್ತಿತ್ತು, ನಿಮ್ಮನ್ನು ಬೈಯುತ್ತಿದ್ದರು, ನಾಲ್ಕು ದಿನ ಊಟ ಬಿಡುತ್ತಿದ್ದರು. ಆದರೆ ನನ್ನನ್ನು ಓದಿಸಿ ನಿಮಗೆ ತೋರಿಸಬೇಕು ಅಂತ ಹಟ ಹಿಡಿಯುತ್ತಿದ್ದರು. ನನಗೆ ಅಪ್ಪ ಗೊತ್ತು. ನೀವು ರಕ್ತ ಅಂದಿರಿ. ರಕ್ತ ಕೆಟ್ಟಿಲ್ಲ ಅಂತ ತೋರಿಸುವುದಕ್ಕೆ ಅವರಿಗೆ ಇದ್ದದ್ದು ಒಂದೇ ದಾರಿ.

ಬೆಳಗಾವಿಗೆ ಬಾ ಅಂದಿದ್ದೀರಿ. ಬಂದರೆ, ಪ್ರಣವ್ ಬಾವನಿಗಾಗಿ ಓಡಿಹೋದಳು ಅಂತ ಇಲ್ಲಿ ಹೇಳುತ್ತಾರೆ. ಆಗ ನೀವು ಅದು ನಿಜವಲ್ಲ ಅಂತ ಎಲ್ಲರಿಗೂ ಸ್ಪಷ್ಟವಾಗಿ ಹೇಳುತ್ತೀರಿ.

ರಮ್ಯಶ್ರೀ


ಬೆಳಗಾವಿ
ಮಾರ್ಚ್ 3

ರಮ್ಯ,

ನಿನ್ನ ಲೆಕ್ಕ ಸರಿಯಾಗಿದೆ.

ಹಳ್ಳಿ ಹುಡುಗಿ ಎಂಬ ಮಾತನ್ನು ಇಲ್ಲ ಎಂದು ಹೇಳಲು ಪೆನ್ನು ತೆಗೆದುಕೊಂಡೆ. ನಾನು ಬರೆದ ವಿಜ್ಞಾನದಲ್ಲಿ ತಪ್ಪಿಲ್ಲ. ಆದರೆ ಜನವರಿಯಲ್ಲಿ ಆ ಕಾಗದ ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಹುಟ್ಟಬಹುದಾದ ಕಿವುಡು ಮಗುವೋ, ನಮ್ಮ ಡೈನಿಂಗ್ ಟೇಬಲ್ಲಿನ ಮುಂದೆ ಕೂತ ನೀನೋ? ನನಗೆ ಖಚಿತವಿಲ್ಲ. ಖಚಿತವಿಲ್ಲ ಎನ್ನುವುದೂ ಒಂದು ಉತ್ತರವೇ ಎಂದು ನೀನು ಹೇಳುತ್ತೀಯ.

ರೂಪಶ್ರೀಯನ್ನು ಮೈಸೂರಿನ ಕಿವುಡ ಮಕ್ಕಳ ಶಾಲೆಗೆ ಕಳಿಸಬಹುದಿತ್ತು. ನಾನಿದ್ದ ಹಾಸ್ಟೆಲ್ಲಿಗೆ ಅದು ದೂರವೇನೂ ಇರಲಿಲ್ಲ. ಯಾರೂ ಯೋಚಿಸಲಿಲ್ಲ. ಅವಳನ್ನು ನಾನು ಪಾಠಕ್ಕೆ ಉದಾಹರಣೆಯಾಗಿ ಕೊಟ್ಟೆ.

ಬರಬಹುದಾದ ಪ್ರಶ್ನೆಗಳನ್ನು ಇದರ ಜೊತೆ ಇಟ್ಟಿದ್ದೇನೆ. ಬೇರೆ ಏನು ಕಳಿಸಬೇಕೆಂದು ತಿಳಿಯಲಿಲ್ಲ. ನೀನು ಬರುವುದಾದರೆ, ಯಾರು ಏನೇ ಅಂದರೂ ನಾನು ಬಾಯಿ ಬಿಡುವುದಿಲ್ಲ. ಬಾ.

ಸುಗುಣ


ಗುರುಪುರ
ಮಾರ್ಚ್ 27

ಅತ್ತೆಯವರಿಗೆ ನಮಸ್ಕಾರಗಳು.

ಪರೀಕ್ಷೆಗಳು ಮುಗಿದವು. ಹಾಸ್ಟೆಲ್ ಖಾಲಿ ಮಾಡಿ ಮನೆಗೆ ಬಂದಿದ್ದೇನೆ. ಸಂಘಮಿತ್ರಳ ಅಪ್ಪ ಅವಳನ್ನು ಸಿಇಟಿ ಕೋಚಿಂಗ್‌ಗೆ ಮೈಸೂರಿಗೆ ಸೇರಿಸಿದ್ದಾರೆ. ಹೋಗುವಾಗ ನನ್ನ ಗೈಡ್ ಕೇಳಿದಳು, ಕೊಟ್ಟುಬಿಟ್ಟೆ. ಅದು ನಿಮ್ಮದು, ಕೇಳದೆ ಕೊಟ್ಟದ್ದಕ್ಕೆ ಕ್ಷಮಿಸಿ.

ನಿಮ್ಮ ಕೊನೆಯ ಕಾಗದವನ್ನು ಮತ್ತೆ ಮತ್ತೆ ಓದಿದೆ. ಬಾ ಅನ್ನುವುದನ್ನು ನೀವು ಜನವರಿಯಲ್ಲಿ ಬರೆದಿದ್ದರೆ ಬರುತ್ತಿದ್ದೆನೋ ಏನೋ. ಈಗ ಅಪ್ಪ ಲಗ್ನಪತ್ರಿಕೆ ಹಂಚಲು ಶುರುಮಾಡಿದ್ದಾರೆ. ಮೊದಲನೆಯದು ನಿಮಗೇ ಕಳಿಸಿದ್ದಾರೆ. ಕವರಿನ ಮೇಲೆ ನಿಮ್ಮ ವಿಳಾಸ ಬರೆದದ್ದು ನಾನು. ಸೋದರತ್ತೆ ಇಲ್ಲದೆ ಅರಿಶಿನದ ಶಾಸ್ತ್ರ ಆಗುವುದಿಲ್ಲ, ಬರಲೇಬೇಕು ಅಂತ ಅಜ್ಜಿ ಹೇಳಿಸಿದ್ದಾರೆ. ಬರುವಾಗ ಸೀರೆ ತರಬೇಡಿ.

ಬಯಾಲಜಿ ಪತ್ರಿಕೆ ಸುಲಭವಾಗಿತ್ತು. ನೀವು ಕಳಿಸಿದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಬಂದಿದ್ದವು. ಎಲ್ಲವನ್ನೂ ಇಂಗ್ಲಿಷಿನಲ್ಲೇ ಬರೆದೆ, ಎಲ್ಲೂ ತಡವರಿಸಲಿಲ್ಲ. ವಂಶಾವಳಿ ನಕ್ಷೆಯಿಂದ ಒಂದು ಅಂಕದ ಪ್ರಶ್ನೆಯೂ ಇತ್ತು. ರಕ್ತಸಂಬಂಧಿಗಳ ಮದುವೆಯನ್ನು ಯಾವ ಚಿಹ್ನೆಯಿಂದ ತೋರಿಸುತ್ತಾರೆ, ಬರೆದು ತೋರಿಸಿ.

ಒಂದು ಚೌಕ ಬರೆದೆ, ಒಂದು ವೃತ್ತ ಬರೆದೆ. ಸ್ಕೇಲ್ ಇಟ್ಟು ನಡುವೆ ಎರಡು ಗೆರೆ ಎಳೆದೆ. ಚಿತ್ರಗಳನ್ನು ಪೆನ್ಸಿಲ್‌ನಲ್ಲೇ ಬರೆಯಬೇಕು ಅಂತ ನೀವು ಹೇಳಿದ್ದು ನೆನಪಿತ್ತು. ಪೆನ್ಸಿಲ್ ಕೈಯಲ್ಲೇ ಇತ್ತು. ನಾನು ಪೆನ್ನಿನಲ್ಲಿ ಎಳೆದೆ.

ನಿಮ್ಮ ವಿದ್ಯಾರ್ಥಿನಿ,
ರಮ್ಯಶ್ರೀ